ಓಟ್ಮಾರನ ರಿಪೇರಿ ಮೇಜು

ಮಗಳು ಸಿಲ್ಕೆ ಒಳಗೆ ಬಂದಾಗ ಓಟ್ಮಾರ್ ಮುದುಕ ಮೇಜಿನ ಕೆಳಗೆ ಮಂಡಿಯೂರಿದ್ದ.

"ಏನಪ್ಪ, ಈ ವಯಸ್ಸಲ್ಲಿ ನೆಲ ಒರೆಸೋ ಕೆಲಸ ಹಿಡಿದ್ಯಾ?"

"ಮೋಟಾರಿನ ಸ್ಪ್ರಿಂಗು ಹಾರೋಯ್ತು ಕಣೆ. ಬೆಳಗಿಂದ ಇದೇ ಆಟ."

ಮಾರನೆಯ ದಿನ ಕ್ರಿಸ್‌ಮಸ್ಸಿಗೆ ಮುಂಚಿನ ನಾಲ್ಕು ವಾರಗಳ ಕಾಲವಾದ ಅಡ್ವೆಂಟಿನ ಮೊದಲ ಭಾನುವಾರ. ತೂರಿಂಗಿಯಾದ ಆ ಊರಿನಲ್ಲಿ ಆಟದ ರೈಲುಗಳೆಲ್ಲ ಅಟ್ಟದಿಂದ ಇಳಿಯುವ ಕಾಲ. ಓಡದ ಎಂಜಿನ್ನುಗಳು ನೇರ ಓಟ್ಮಾರನ ಮೇಜಿಗೇ ಬರುತ್ತಿದ್ದವು. ಈಗ ಅವನ ಕೈ ನಡುಗುತ್ತದೆ, ಕಿವಿ ಮಂದ. ಮೇಜನ್ನು ಮಗಳಿಗೆ ಒಪ್ಪಿಸಬೇಕು, ಇವತ್ತು ಕೇಳಿಯೇಬಿಡಬೇಕು ಎಂದು ವಾರದಿಂದ ಮನಸ್ಸಿನಲ್ಲೇ ಮಾತು ಜೋಡಿಸುತ್ತಿದ್ದ.

ಕೇಳಲು ಮುಖ ಬೇಕಲ್ಲ! ಚಿಕ್ಕಂದಿನಲ್ಲಿ ಅವಳು ಇಲ್ಲಿ ಸುಳಿದಾಗಲೆಲ್ಲ, "ಜಡೆ ಗೇರಿಗೆ ಸಿಕ್ಕೊಳ್ಳುತ್ತೆ, ಆಚೆ ನಡಿ" ಎಂದು ಅಟ್ಟಿದವನು ಇವನೇ. ಗೇಣುದ್ದದ ಎಂಜಿನ್ನು ಯಾರ ಜಡೆ ತಿಂದೀತು? ಮಗ ಯೆನ್ಸ್‌ನನ್ನು ಮಾತ್ರ ಕಿವಿ ಹಿಂಡಿ ಪಕ್ಕದಲ್ಲಿ ಕೂರಿಸಿಕೊಂಡ. ಅವನು ಆಕಳಿಸುತ್ತ ಕೂತು, ಮೀಸೆ ಬಂದದ್ದೇ ಬೈಕು ಹತ್ತಿ ಹೋದ. ಹಲ್ಲಿದ್ದ ಮಗಳಿಗೆ ಕಡಲೆ ಕೊಡದೆ, ಬೇಡವೆಂದ ಮಗನ ಬಾಯಿಗೆ ತುರುಕಿದ ಜಾಣ ಈ ಓಟ್ಮಾರ್.

ಸಿಲ್ಕೆಗೆ ಕಿವಿಯಂತ್ರ ರಿಪೇರಿಯ ಕೆಲಸ. ಸ್ಪ್ರಿಂಗನ್ನು ಹುಡುಕಿಕೊಟ್ಟು, ತಾನೇ ಮೇಜಿಗೆ ಕೂತಳು. ಮೋಟಾರಿನ ತಾಮ್ರದ ಮೇಲಿನ ಮಸಿ ಒರೆಸಿದಳು. ಅಡುಗೆಮನೆಯಿಂದ ಪ್ಲಾಸ್ಟಿಕ್ ಚೀಲ ತಂದು, ಮೋಟಾರನ್ನು ಅದರೊಳಗಿಟ್ಟು ಎರಡೂ ಕೈ ತೂರಿಸಿದಳು. ಸ್ಪ್ರಿಂಗು ಇನ್ನು ಹಾರಿದರೂ ಚೀಲದೊಳಗೇ. ಕರೆಂಟು ದಾಟಿಸುವ ಕಾರ್ಬನ್ ತುಂಡು ಸವೆದಿತ್ತು, ಅದನ್ನು ತೆಗೆದು ಹೊಸದನ್ನು ಕೂರಿಸಿ, ಸ್ಪ್ರಿಂಗು ಸಿಕ್ಕಿಸಿ, ತಂತಿ ಮುಟ್ಟಿಸಿದಳು. ಮೋಟಾರು ತಿರುಗಿತು. ಮೇಜಿನ ಮೇಲಿದ್ದ ಕರೆಂಟಿನ ಮೀಟರಿನ ಮುಳ್ಳು ಓಲಾಡದೆ ಒಂದೇ ಕಡೆ ನಿಂತಿತು.

"ಸರಿಹೋಯ್ತು!" ಎಂದ ಓಟ್ಮಾರ್.

"ಎಲ್ಲಿ ಸರಿಹೋಯ್ತು? ಬೇರಿಂಗು ಕಿರುಗುಟ್ತಿದೆ, ಕೇಳಿಸ್ತಿಲ್ವಾ?"

ಅವನಿಗೆ ಕೇಳಿಸಲಿಲ್ಲ. ಅವಳು ಸೂಜಿಮೊನೆಯಿಂದ ಒಂದೇ ಹನಿ ಎಣ್ಣೆ ಇಟ್ಟು, ಹೆಚ್ಚಾದದ್ದನ್ನು ಬಟ್ಟೆಯ ಅಂಚಿನಲ್ಲಿ ಹೀರಿಸಿದಳು. ಥೇಟ್ ಇವನದೇ ಕೈ.

"ಇದನ್ನ ಯಾರು ಕಲಿಸಿದ್ರು ನಿಂಗೆ?"

"ಬಾಗಿಲ ಸಂದಿ."

ಓಟ್ಮಾರನಿಗೆ ಜೋಡಿಸಿಟ್ಟ ಮಾತೆಲ್ಲ ಮರೆತುಹೋಯಿತು. "ಈ ಮೇಜು ನೀನೇ ಇಟ್ಕೋ. ಶನಿವಾರ ಶನಿವಾರ ಬಾ, ಉಳಿದಿದ್ದೆಲ್ಲ ಹೇಳ್ಕೊಡ್ತೀನಿ" ಎಂದುಬಿಟ್ಟ.

ಸಿಲ್ಕೆ ಎಂಜಿನ್ನನ್ನು ಜೋಡಿಸಿ ಹಳಿಯ ಮೇಲಿಟ್ಟು, ಅದು ಓಡುವುದನ್ನು ಸ್ವಲ್ಪ ಹೊತ್ತು ನೋಡಿದಳು.

"ಬೇಡಪ್ಪ. ಆಗ ಕರೆದಿದ್ರೆ ಊಟ ಬಿಟ್ಟು ಬಂದು ಕೂರ್ತಿದ್ದೆ. ಈಗ ಆ ಆಸೆ ಇಲ್ಲ."

"ಆಗ ತುಂಬಾ ಬೈದ್ಬಿಟ್ಟೆ, ಅಲ್ವಾ?"

"ಬೈದಿದ್ದು ಮನಸ್ಸಲ್ಲಿಲ್ಲ. ನಾನು ಬಾಗಿಲ ಹಿಂದೆ ನಿಂತಿರ್ತೀನಿ ಅಂತ ನಿಂಗೆ ಗೊತ್ತಿತ್ತು. ಗೊತ್ತಿದ್ದೂ ಒಂದು ದಿನಾನೂ ಒಳಗೆ ಬಾ ಅನ್ಲಿಲ್ಲ."

ಸಿಟ್ಟಿಲ್ಲದೆ ಹೇಳಿ, ಕಾಫಿ ಮಾಡಲು ಎದ್ದುಹೋದಳು.

ಗೊತ್ತಿತ್ತು. ಬಾಗಿಲಡಿಯಲ್ಲಿ ಅವಳ ಪುಟ್ಟ ಪಾದಗಳ ನೆರಳು ದಿನಾ ಕಾಣುತ್ತಿತ್ತು. ಓಟ್ಮಾರನಿಗೆ ದುಃಖ ಒತ್ತರಿಸಿ ಬಂತು. ತಪ್ಪಾಯಿತು ಮಗಳೇ ಎಂದು ಈಗಲೇ ಹೇಳಬೇಕು.

"ಸಿಲ್ಕೆ!" ಎಂದು ಕೂಗಿದ.

"ಏನಪ್ಪ?"

ಅವಳು ಬಟ್ಟಲು ಹಿಡಿದುಕೊಂಡೇ ಬಂದು ಎದುರಿಗೆ ನಿಂತಳು. ಓಟ್ಮಾರ್ ಅವಳ ಮುಖ ನೋಡಿದ, ಎಂಜಿನ್ನನ್ನು ನೋಡಿದ.

"ನಂಗೆ ಸಕ್ಕರೆ ಒಂಚೂರು ಜಾಸ್ತಿ ಹಾಕು" ಎಂದ.