ಗಿಡದ ವಯಸ್ಸು

ಸ್ಟ್ಯಾನಿಸ್ಲಾಸ್ ಸರ್ ಯಾವ ಪ್ರಶ್ನೆಗೂ ಒಂದೇ ಉಸಿರಿನಲ್ಲಿ ಉತ್ತರ ಕೊಟ್ಟವರಲ್ಲ. ಬೇಳೆಗೆ ಎಷ್ಟು ಸೀಟಿ ಸಾಕು ಎಂದು ಪತ್ನಿ ವೆರೊನಿಕಾ ಅಡುಗೆಮನೆಯಿಂದ ಕೇಳಿದರೆ, ಬೇಳೆ ಹಳೆಯದೋ ಹೊಸದೋ, ನೆನೆಸಿಟ್ಟದ್ದೋ ಅಲ್ಲವೋ ಎಂದು ಇವರು ಜಗಲಿಯಿಂದ ಮರುಪ್ರಶ್ನೆ ಹಾಕುವಷ್ಟರಲ್ಲಿ ಬೇಳೆ ಬೆಂದು ಒಲೆಯಿಂದ ಇಳಿದಿರುತ್ತಿತ್ತು. ಕಾರ್ಕಳದ ಕಾಲೇಜೊಂದರಲ್ಲಿ ಮೂರು ದಶಕ ಸಸ್ಯಶಾಸ್ತ್ರ ಕಲಿಸಿದ ಅವರಿಗೆ ವಿದ್ಯಾರ್ಥಿಗಳು ಇಟ್ಟ ಹೆಸರು ‘ಡಿಪೆಂಡ್ಸ್ ಸರ್’. ಆ ಹೆಸರು ತಮ್ಮ ಕಿವಿಗೂ ಬಿದ್ದಿದೆಯೆಂಬುದನ್ನು ಅವರು ಮರೆಮಾಚಲಿಲ್ಲ; ಒಂದು ತರಗತಿಯಲ್ಲಿ ತಾವೇ ಆ ಪದವನ್ನು ಬಳಸಿ, ಯಾರೂ ನಗದಿದ್ದುದನ್ನು ಕಂಡು, ಪಾಠ ಮುಂದುವರಿಸಿದ್ದರಂತೆ.

ಅವರ ನಡಿಗೆಯೂ ಅವರ ಮಾತಿನಂತೆಯೇ ನಿಂತು ನಿಂತು ಸಾಗುವಂಥದು. ಕತ್ತನ್ನು ಮುಂದಕ್ಕೆ ಬಾಗಿಸಿ, ದೃಷ್ಟಿಯನ್ನು ರಸ್ತೆಯ ಅಂಚಿಗೆ ಇಳಿಬಿಟ್ಟು ನಡೆಯುವ ಈ ಎತ್ತರದ ಮನುಷ್ಯ, ಬಸ್‌ನಿಲ್ದಾಣದ ಗದ್ದಲದ ನಡುವೆಯೂ ಗೋಡೆಯ ಬಿರುಕಿನಲ್ಲಿ ಚಿಗುರಿದ ಯಾವುದೋ ಅನಾಮಧೇಯ ಸಸಿಯನ್ನು ಕಂಡರೆ ಗಕ್ಕನೆ ನಿಂತುಬಿಡುವರು. ಹಿಂದೆ ಬರುತ್ತಿದ್ದವರು ಡಿಕ್ಕಿ ಹೊಡೆದು ಗೊಣಗಿಕೊಂಡು ಮುಂದೆ ಹೋಗುವರು. ನಿವೃತ್ತಿಯ ಬಳಿಕ ಆ ನಡಿಗೆಗೆ ಆಯಾಸವೂ ಕೂಡಿಕೊಂಡಿತು. ಹೌದು ಅಥವಾ ಇಲ್ಲ ಎಂಬೆರಡು ಮಾತುಗಳಲ್ಲೇ ಎಲ್ಲವನ್ನೂ ಮುಗಿಸಬಯಸುವ ಜನರ ನಡುವೆ ಆಯುಷ್ಯ ಸವೆಸಿದ ಆಯಾಸ ಅದು ಎಂದು ಅವರನ್ನು ಬಲ್ಲ ನಮಗೆ ಅನಿಸುತ್ತಿತ್ತು.

ಅಂಥ ದಿನಗಳಲ್ಲೇ ಅವರ ಹಳೆಯ ಶಿಷ್ಯ, ಈಗ ಉಡುಪಿಯಲ್ಲಿ ವಕೀಲನಾಗಿರುವ ಕೀರ್ತನ್, ಇನ್ನಂಜೆಯ ಅಪ್ಪಿ ಎಂಬ ಹೆಂಗಸನ್ನು ಕರೆದುಕೊಂಡು ಮನೆಗೆ ಬಂದ. ಅಪ್ಪಿಯ ಮಗ ರಿತೇಶ್ ಮಣಿಪಾಲದಲ್ಲಿ ಹೋಟೆಲುಗಳಿಂದ ಮನೆಮನೆಗೆ ಊಟ ತಲುಪಿಸುವ ಕೆಲಸದಲ್ಲಿದ್ದ. ದಸರಾ ಕಳೆದ ಮೇಲೆ ಅಲ್ಲೇ ಒಂದು ಹಳೆಯ ಮನೆ ಬಾಡಿಗೆಗೆ ಹಿಡಿದ. ಎರಡು ತಿಂಗಳು ತುಂಬುವ ಮೊದಲೇ ಪೊಲೀಸರು ಬಂದು, ಹಿತ್ತಿಲಿನ ಪೊದೆಗಳ ನಡುವಿನಿಂದ ಮೂರು ಗಾಂಜಾ ಗಿಡಗಳನ್ನು ಕಿತ್ತು, ಅವನನ್ನೂ ಕರೆದೊಯ್ದರು. ಬೆಳಿಗ್ಗೆ ಹೊರಟರೆ ಕತ್ತಲಾದ ಮೇಲೆ ಮರಳುತ್ತಿದ್ದ ಅವನು ಹಿತ್ತಿಲ ಬಾಗಿಲು ತೆರೆದದ್ದೇ ಕಡಿಮೆ. ಅವನಿಗಿಂತ ಮೊದಲು ಆ ಮನೆಯಲ್ಲಿದ್ದ ಹುಡುಗರು ಒಂದು ದಿನ ಬೀಗ ಹಾಕಿ ಹೋದವರು ಎಲ್ಲಿಗೆ ಹೋದರೆಂದು ಮನೆಯ ಯಜಮಾನನಿಗೂ ತಿಳಿಯದು. ಜಾಮೀನು ಸಿಕ್ಕಿತ್ತು. ಆದರೆ ಕೆಲಸ ಹೋಗಿತ್ತು. ಕುವೈತಿನಲ್ಲಿದ್ದ ಮಾವ ಗೊತ್ತುಮಾಡಿದ್ದ ಉದ್ಯೋಗವೂ ಕೈತಪ್ಪಿತ್ತು.

“ಸರ್, ಇಷ್ಟೇ ಪ್ರಶ್ನೆ,” ಎಂದ ಕೀರ್ತನ್. “ಗಾಂಜಾ ಗಿಡ ಬೀಜ ಹಾಕಿದಲ್ಲಿಂದ ಕೊಯ್ಲಿಗೆ ಬರಲಿಕ್ಕೆ ಎಷ್ಟು ಸಮಯ ಬೇಕು?”

“ಯಾವ ತಳಿ, ಯಾವ ತಿಂಗಳಲ್ಲಿ ಬಿತ್ತಿದ್ದು, ಬಿಸಿಲು ಎಷ್ಟು ಉಂಟು, ಅದರ ಮೇಲೆ ಹೋಗುತ್ತದೆ ಮಾರಾಯ.”

ಆದರೂ ಹೇಳಿದರು. ಬೀಜ ಒಂದು ವಾರದೊಳಗೆ ಮೊಳೆಯುತ್ತದೆ. ಮಳೆಗಾಲದ ಆರಂಭದಲ್ಲಿ ಹುಟ್ಟಿದ ಗಿಡವಾದರೆ ಎರಡು ಮೂರು ತಿಂಗಳು ಕಾಂಡ, ಎಲೆಗಳಲ್ಲೇ ಕಳೆಯುತ್ತದೆ. ಹಗಲು ಕುಗ್ಗತೊಡಗಿದಾಗ ಹೂವಿಗೆ ತಿರುಗಿ, ಆ ಹೂ ಬಲಿಯಲು ಮತ್ತೆ ಎರಡು ತಿಂಗಳು ಬೇಕು. ಒಟ್ಟಿನಲ್ಲಿ ನಾಲ್ಕರಿಂದ ಆರು ತಿಂಗಳು. ಕೀರ್ತನನ ಮುಖ ಅರಳಿತು. ಅವನು ತಂದ ಫೋಟೋಗಳನ್ನು ಸರ್ ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಗಿಡಗಳು ಪೊಲೀಸನ ಹೆಗಲಿಗಿಂತ ಎತ್ತರ, ಬುಡ ಕಟ್ಟಿಗೆಯಂತೆ ಬಲಿತಿತ್ತು. ಇವು ರಿತೇಶ್ ಬರುವುದಕ್ಕೆ ಬಹಳ ಮೊದಲೇ ಹುಟ್ಟಿದವು ಎಂಬುದರಲ್ಲಿ ಅವರಿಗೆ ಸಂಶಯ ಉಳಿಯಲಿಲ್ಲ. ಮೂರನೆಯದು ಮೊಣಕಾಲೆತ್ತರದ್ದು. ಅದನ್ನು ಬಹಳ ಹೊತ್ತು ನೋಡಿದರು.

“ಇದರಲ್ಲೂ ಹೂ ಉಂಟಲ್ಲ ಸರ್. ಇದಕ್ಕೂ ನಾಲ್ಕು ತಿಂಗಳು ಅಲ್ವಾ?”

“ಅಲ್ಲ. ಹಗಲು ಸಣ್ಣದಾದ ಮೇಲೆ ಹುಟ್ಟಿದ ಗಿಡ ಎಳೆಯದರಲ್ಲೇ ಹೂ ಬಿಡುತ್ತದೆ. ಇದು ಎರಡು ತಿಂಗಳೊಳಗಿನದ್ದೂ ಆಗಿರಬಹುದು.”

“ಅದನ್ನು ಯಾರೂ ಕೇಳುವುದಿಲ್ಲ ಸರ್.”

“ಕೇಳಿದರೆ?”

ಕೀರ್ತನ್ ಉಳಿದ ಫೋಟೋಗಳನ್ನು ಒಟ್ಟುಮಾಡಿಕೊಂಡ. ಅಷ್ಟು ಹೊತ್ತು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ ಕುಳಿತಿದ್ದ ಅಪ್ಪಿ ತಲೆಯೆತ್ತಿದಳು. “ನನ್ನ ಮಗ ನೆಟ್ಟದ್ದಲ್ಲ ಅಂತ ಒಂದು ಮಾತು ಹೇಳಿ ಸರ್. ನಿಮ್ಮಂಥವರು ಹೇಳಿದರೆ ಕೇಳುತ್ತಾರೆ.”

“ನೆಟ್ಟವರು ಯಾರು ಅಂತ ಗಿಡ ನೋಡಿ ಹೇಳಲಿಕ್ಕೆ ಆಗುವುದಿಲ್ಲ ಅಮ್ಮ. ಎಷ್ಟು ಸಮಯದ್ದು ಅಂತ ಮಾತ್ರ ಹೇಳಬಹುದು.”

ಸಾಕ್ಷಿ ಹೇಳಲು ಒಪ್ಪಿದರು. ಒಪ್ಪಿದ್ದು ಸುಲಭ, ಹೇಳುವ ದಿನ ಬರುವುದು ಸುಲಭವಿರಲಿಲ್ಲ. ತಮ್ಮ ಮದುವೆಗೆ ಹೊಲಿಸಿದ್ದ, ನುಸಿಗುಳಿಗೆಯ ವಾಸನೆ ಬಿಡದ ಬೂದು ಕೋಟನ್ನು ತೊಟ್ಟು, ಕಾರ್ಕಳದಿಂದ ಬಸ್ಸು ಹತ್ತಿ, ಸೆಕೆಯಲ್ಲಿ ಬೇಯುತ್ತ ಉಡುಪಿಯಲ್ಲಿ ಇಳಿದು, ನ್ಯಾಯಾಲಯದ ಮೊಗಸಾಲೆಯ ಬೆಂಚಿನಲ್ಲಿ ಮಧ್ಯಾಹ್ನದವರೆಗೆ ಕಾದು, ನ್ಯಾಯಾಧೀಶರು ರಜೆಯೆಂದೋ ಸರಕಾರಿ ವಕೀಲರು ಬಂದಿಲ್ಲವೆಂದೋ ಕೇಳಿಸಿಕೊಂಡು ಹಿಂದಿರುಗುವುದು ಋತುಗಳ ಸರದಿಯಂತಾಯಿತು. ಬೆಂಚಿನ ಆ ತುದಿಯಲ್ಲಿ ತಾಯಿ, ಮಗ. ಈ ತುದಿಯಲ್ಲಿ ಇವರು, ಮಡಿಲಲ್ಲಿ ಆ ಫೋಟೋಗಳ ಪ್ರತಿ. ಎರಡು ಮಳೆಗಾಲ ಹೀಗೆ ಹೋಯಿತು. “ಕಾಲು ಊದಿದೆ, ಇನ್ನು ಬಿಡಿ,” ಎಂದು ವೆರೊನಿಕಾ ಬಿಸಿನೀರು ಕಾಯಿಸಿಡುತ್ತಿದ್ದರು. “ಕೋರ್ಟಿನವರು ಬಿಟ್ಟರೆ ನಾನು ಬಿಡುತ್ತೇನೆ,” ಎಂದು ಅವರು ಬಕೆಟಿನಲ್ಲಿ ಕಾಲಿಟ್ಟು ಕಣ್ಣು ಮುಚ್ಚುತ್ತಿದ್ದರು.

ಕೊನೆಗೊಂದು ದಿನ ಅವರ ಹೆಸರು ಕೂಗಿದರು. ಎರಡು ಎತ್ತರದ ಗಿಡಗಳ ಬಗ್ಗೆ ಅವರು ಹೇಳಿದ್ದನ್ನು ಯಾರೂ ಅಲುಗಾಡಿಸಲಾರದೆ ಹೋದರು. ಆಮೇಲೆ ಸರಕಾರಿ ವಕೀಲರು ಮೂರನೆಯ ಫೋಟೋ ಎತ್ತಿ ಹಿಡಿದು, ಇದು ಆರೋಪಿ ಆ ಮನೆಗೆ ಬಂದ ಮೇಲೆ ಹುಟ್ಟಿದ್ದಿರಬಹುದೇ ಎಂದು ಕೇಳಿದರು.

“ಇರಬಹುದು.”

ಅಪ್ಪಿ ಕುಳಿತಲ್ಲೇ ಕುಗ್ಗಿದಳು. ಕೀರ್ತನ್ ಕಡತದತ್ತ ಕಣ್ಣು ತಗ್ಗಿಸಿದ. ಆಗ ನ್ಯಾಯಾಧೀಶರೇ ಕೇಳಿದರು: ದೊಡ್ಡ ಗಿಡದ ಬೀಜ ಉದುರಿ ಅದು ತಾನಾಗಿ ಹುಟ್ಟಲು ಸಾಧ್ಯವೇ?

“ಸಾಧ್ಯ ಉಂಟು. ಹಾಗೆಯೇ ಹುಟ್ಟಿತು ಅಂತ ಹೇಳಲಿಕ್ಕೆ ನನಗೆ ಬರುವುದಿಲ್ಲ.”

ತೀರ್ಪು ಬಂದದ್ದು ಮತ್ತೆ ಕೆಲವು ತಿಂಗಳು ಕಳೆದ ಮೇಲೆ. ಸಂಶಯದ ಲಾಭ ಆರೋಪಿಗೆ ಸಂದು ರಿತೇಶ್ ಬಿಡುಗಡೆಯಾದ. ತನ್ನನ್ನು ಕರೆದವರಿಗೆ ವಿರುದ್ಧವಾದ ಸಂಗತಿಯನ್ನೂ ಮುಚ್ಚಿಡದ ಸಾಕ್ಷಿಯ ಮಾತು ನಂಬಲರ್ಹವೆಂದು ತೀರ್ಪಿನಲ್ಲಿ ಬರೆದಿದ್ದಾರೆಂದು ಕೀರ್ತನ್ ಫೋನಿನಲ್ಲಿ ಓದಿ ಹೇಳಿದ. ಅಪ್ಪಿಗೆ ಆ ವಾಕ್ಯದಿಂದ ಸಮಾಧಾನವಾಗಲಿಲ್ಲ. ಒಮ್ಮೆ ಉಡುಪಿಯ ಬಸ್‌ನಿಲ್ದಾಣದಲ್ಲಿ ಎದುರಾದವಳು ಮುಖ ತಿರುಗಿಸಿ ಕಾಪುವಿನ ಬಸ್ಸು ಹತ್ತಿದಳು. ಸರ್ ಅವಳದು ತಪ್ಪೆನ್ನಲಿಲ್ಲ.

ರಿತೇಶ್ ಮಾತ್ರ ಒಂದು ಮಧ್ಯಾಹ್ನ ಕಾರ್ಕಳಕ್ಕೆ ಬಂದ. ಕೊಟ್ಟ ಚಹಾ ಮುಗಿಸಿ, ಲೋಟವನ್ನು ನೆಲಕ್ಕಿಟ್ಟು, “ಒಂದು ಕೇಳಲಿಕ್ಕೆ ಉಂಟು ಸರ್,” ಎಂದ. “ಆ ಸಣ್ಣ ಗಿಡ ನಾನು ನೆಟ್ಟದ್ದು ಅಂತ ನಿಮಗೆ ಅನಿಸಿತ್ತಾ?”

ಅವರು ತಡವರಿಸಿದರು. “ಆ ಬಗ್ಗೆ ಯೋಚನೆಯೇ ಮಾಡಲಿಲ್ಲ. ನಾನು ಗಿಡವನ್ನು ನೋಡಿದೆ. ನಿನ್ನನ್ನು ನೋಡಲಿಲ್ಲ.”

“ಎರಡು ವರ್ಷ ಅದೇ ಬೆಂಚಿನಲ್ಲಿ ಇದ್ದೆ ಸರ್.”

ಅದರಲ್ಲಿ ಆಕ್ಷೇಪವಿರಲಿಲ್ಲ, ಹೇಳಿದವನೂ ದಣಿದಿದ್ದ. ಸರ್ ಆಗ ಅವನನ್ನು ನೋಡಿದರು. ಇಪ್ಪತ್ತಾರರ ಹುಡುಗ, ಕಿವಿಯ ಬಳಿ ಆಗಲೇ ನರೆತ ಕೂದಲು. ಹೆಲ್ಮೆಟನ್ನು ಮಡಿಲಲ್ಲಿಟ್ಟುಕೊಂಡು ಎರಡೂ ಕೈಗಳಿಂದ ಅದನ್ನು ಹಿಡಿದಿದ್ದ. “ಊಟ ಮಾಡಿಕೊಂಡು ಹೋಗು,” ಎಂದರು. ಅವನು ಊಟಕ್ಕೆ ಕೂತ. ವೆರೊನಿಕಾ ಬಂಗುಡೆ ಮೀನಿನ ಸಾರು ಬಡಿಸಿದರು. ಮೂವರೂ ಒಟ್ಟಿಗೆ ಕೂತು ಉಂಡರು.

ಇಂಥವರು ಊರಿಗೊಬ್ಬರಿಬ್ಬರು ಇರುತ್ತಾರೆ. ಇವರಿಂದ ಉಪಕಾರವಾಗುತ್ತದೆ, ಆದರೆ ಉಪಕಾರ ಪಡೆದವರಿಗೆ ಅದು ನೋವಾಗಿಯೇ ನೆನಪಿನಲ್ಲಿ ಉಳಿಯುತ್ತದೆ. ತಿಳಿದಷ್ಟನ್ನು ಮಾತ್ರ ಹೇಳುತ್ತೇನೆಂಬ ವ್ರತ ಹಿಡಿದವರು ಪಕ್ಕದಲ್ಲಿ ಕುಳಿತವನ ಮುಖವನ್ನು ತಿಳಿಯಲು ಮರೆಯುತ್ತಾರೆ. ಮರೆತದ್ದು ನೆನಪಾಗುವ ಹೊತ್ತಿಗೆ ಇಬ್ಬರಿಗೂ ವಯಸ್ಸಾಗಿರುತ್ತದೆ. ಇಂಥವರಿಲ್ಲದಿದ್ದರೆ ನ್ಯಾಯಕ್ಕೆ ಆಧಾರವಿಲ್ಲ. ಅವರೊಡನೆ ಬದುಕುವುದೂ ಹಗುರವಲ್ಲ, ತಮ್ಮೊಡನೆ ತಾವೇ ಬದುಕುವುದು ಅವರಿಗೂ ಹಗುರವಲ್ಲ.