ಒಂದು ಪೌಂಡ್ ಕಡಿಮೆ

ಒಳಾಂಗಣ ಕ್ರೀಡಾಂಗಣದ ಮೆಟ್ಟಿಲ ಕೆಳಗಿನ ಕಿರುಕೋಣೆಯಲ್ಲಿ ಇಪ್ಪತ್ತಾರು ವರ್ಷಗಳಿಂದ ಬ್ಯಾಡ್ಮಿಂಟನ್ ರ್‍ಯಾಕೆಟ್‌ಗಳಿಗೆ ಗಟ್ ಹಾಕುತ್ತ ಬಂದವನಿಗೆ ಸ್ವಂತ ಹೆಸರೊಂದಿತ್ತು ಅನ್ನುವುದನ್ನು ಅವನ ಹೆಂಡತಿಯೂ ಮರೆತಿರಬೇಕು. ಎಲ್ಲರಿಗೂ ಅವನು ಗಟ್ಟುಮಾವ. ಗಟ್ ಎಂದರೆ ರ್‍ಯಾಕೆಟ್ಟಿನ ಬಲೆಯ ದಾರ. ಅದನ್ನು ಎಷ್ಟು ಪೌಂಡ್ ಬಿಗಿಯಬೇಕೆಂದು ಆಟಗಾರರು ಹೇಳುತ್ತಾರೆ, ಅಷ್ಟು ಬಿಗಿಯುವುದು ಕೆಲಸ. ಕೇಳಲಿಕ್ಕೇನೋ ಸುಲಭ. ಒಂದು ದಿನ ಕೂತು ಹಾಕಿ ನೋಡಿ, ಬೆರಳಿನ ಚರ್ಮ ಸುಲಿದು ಬರುತ್ತದೆ.

ಆ ಹೆಸರಿಟ್ಟವಳೇ ಈಗಿನ ಚಾಂಪಿಯನ್. ಆಗ ಅವಳಿಗೆ ಎಂಟು ವರ್ಷ, ಮುಂದಿನ ಎರಡು ಹಲ್ಲು ಬಿದ್ದಿದ್ದವು. ಅಭ್ಯಾಸ ಮುಗಿಸಿದವಳು, ನರ್ಸಾಗಿದ್ದ ಅಮ್ಮ ಡ್ಯೂಟಿಯಿಂದ ಬರುವವರೆಗೆ ಗಟ್ಟುಮಾವನ ಕೋಣೆಯಲ್ಲೇ ಠಿಕಾಣಿ ಹೂಡುತ್ತಿದ್ದಳು. ಬಾಯಿಗೆ ಬೀಗವೇ ಇಲ್ಲ.

"ಮಾವ, ನಿನ್ ಮೂಗಲ್ಲಿ ಯಾಕೆ ಕೂದ್ಲು?"

"ನಿನ್ನಂಥವಳ ತಲೆ ತಿನ್ನೋ ಮಾತು ಕೇಳಿ ಕೇಳಿ ಬೆಳೆದಿದ್ದು."

"ಮಾವ, ದೊಡ್ಡಕ್ಕಂದಿರಿಗೆ ಇಪ್ಪತ್ತೆಂಟು ಹಾಕ್ತೀಯಲ್ಲ, ನಂಗೂ ಅಷ್ಟೇ ಹಾಕು."

ಆ ಸಣಕಲು ಕೈಗೆ ಇಪ್ಪತ್ತೆಂಟು ಪೌಂಡ್! ಭುಜವೇ ಕಿತ್ತು ಬರುತ್ತಿತ್ತು. ಮಾವ ಹದಿನೆಂಟು ಹಾಕಿ, "ತಗೊಳ್ಳಮ್ಮ, ಇಪ್ಪತ್ತೆಂಟು" ಎನ್ನುತ್ತಿದ್ದ. ಅವಳು ಕುಣಿಯುತ್ತ ಹೋಗಿ ಊರಿಗೆಲ್ಲ ಸಾರುತ್ತಿದ್ದಳು. ಮಕ್ಕಳಿಲ್ಲದ ಮನುಷ್ಯ ಅವನು. ಆ ಸಂಜೆಗಳು ತನಗೆಷ್ಟು ಬೇಕಾಗಿದ್ದವು ಅನ್ನುವುದು ಅವು ನಿಂತುಹೋದ ಮೇಲೆ ಅವನಿಗೆ ಗೊತ್ತಾಯಿತು.

ನಿಂತುಹೋಗಿ ಆರು ವರ್ಷವಾಗಿತ್ತು. ದೊಡ್ಡವಳಾದಳು, ಗೆದ್ದಳು, ಗೋಡೆಗೋಡೆಯ ಮೇಲೆ ಅವಳ ಪಟ ಬಂತು. ರ್‍ಯಾಕೆಟ್ ತಂದುಕೊಡಲು ಮ್ಯಾನೇಜರ್ ಒಬ್ಬ ಬಂದ. ಪ್ರತಿ ಟೂರ್ನಿಯಲ್ಲೂ ಮಾವ ಅವಳ ರ್‍ಯಾಕೆಟ್ಟನ್ನೇ ಮೊದಲು ಕೈಗೆತ್ತಿಕೊಳ್ಳುತ್ತಿದ್ದ. ಆಮೇಲೆ ಕೌಂಟರಿನ ಕಿಂಡಿಯಿಂದ ಕತ್ತು ಉದ್ದ ಮಾಡಿ ನೋಡುತ್ತಿದ್ದ. ಒಂದು ಸಲ ಬಂದು "ಮಾವ" ಅಂದರೆ ಅವಳ ಗಂಟೇನು ಹೋಗುತ್ತಿತ್ತು? ನಾಚಿಕೆ ಬಿಟ್ಟು ಹೇಳುವುದಾದರೆ, ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಈ ಸಲ ಸೆಮಿಫೈನಲ್ ದಿನ ಬೆಳಿಗ್ಗೆ ಅವಳೇ ಬಂದಳು. ಕಿವಿಯಲ್ಲಿ ಹಾಡು, ಕಣ್ಣು ಎಲ್ಲೋ. ರ್‍ಯಾಕೆಟ್ ಇಟ್ಟು "ಇಪ್ಪತ್ತೆಂಟು" ಅಂದವಳೇ ತಿರುಗಿದಳು. ಮಾವ ಆರು ವರ್ಷದಿಂದ ಕೂಡಿಟ್ಟಿದ್ದ ಮಾತೆಲ್ಲ ಹಾಗೇ ಉಳಿಯಿತು. ಆದರೆ ಅವಳು ಚೀಲ ಹೊತ್ತಿದ್ದು ಎಡಗೈಯಲ್ಲಿ. ಬಲಗೈ ಆಟಗಾರ್ತಿ, ಚಿಕ್ಕಂದಿನಲ್ಲೂ ಎಡಗೈಯಲ್ಲಿ ಲೋಟ ಹಿಡಿದವಳಲ್ಲ. ಮಾವ ರ್‍ಯಾಕೆಟ್ಟಿನ ಹಿಡಿಕೆ ನೋಡಿದ. ಯಾವಾಗಲೂ ಹೆಬ್ಬೆರಳ ಕೆಳಗೆ ಸವೆಯುತ್ತಿದ್ದ ಪಟ್ಟಿ ಈಗ ಪಕ್ಕಕ್ಕೆ ಸವೆದಿತ್ತು. ಭುಜ ನೋಯುತ್ತಿದೆ, ಅದಕ್ಕೇ ಹಿಡಿತ ಬದಲಾಯಿಸಿದ್ದಾಳೆ, ಯಾರಿಗೂ ಹೇಳಿಲ್ಲ. ಬಿಗಿ ಸ್ವಲ್ಪ ಸಡಿಲವಾದರೆ ಭುಜದ ಮೇಲಿನ ಏಟೂ ಕಡಿಮೆ. ಮಾವ ಗಟ್ ಬಿಗಿಯುವ ಯಂತ್ರದ ತಿರುಪನ್ನು ಇಪ್ಪತ್ತೇಳಕ್ಕೆ ತಿರುಗಿಸಿದ. ಅಯ್ಯೋ ಪುಣ್ಯಾತ್ಮ, ಒಂದು ಮಾತು ಕೇಳಬಾರದಿತ್ತೇ? ಕೇಳಲಿಲ್ಲ. ಅವಳಿಗೆ ಸುಳ್ಳು ಹೇಳಿ ಒಳ್ಳೆಯದು ಮಾಡಿ ಅಭ್ಯಾಸವಾಗಿದ್ದ ಕೈ ಅದು.

ಕೊನೆಯ, ಮೂರನೆಯ ಗೇಮಿನಲ್ಲಿ ಅಂಕ ಸಮಸಮವಾಗಿದ್ದಾಗ ಅವಳ ಎರಡು ಹೊಡೆತ ಹಿಂದಿನ ಗೆರೆ ದಾಟಿ ಬೆರಳಗಲ ಆಚೆ ಬಿದ್ದವು. ಸಡಿಲ ಗಟ್ಟಿನಿಂದ ಶಟಲ್ ಹೀಗೇ ದೂರ ಹೋಗುವುದು. ಅವಳು ಸೋತಳು. ಎದುರಾಳಿಯ ಕೈ ಕುಲುಕಿದವಳು ನೆಟ್ಟಗೆ ಕೌಂಟರಿಗೆ ಬಂದು ರ್‍ಯಾಕೆಟ್ಟನ್ನು ಮೇಜಿನ ಮೇಲೆ ಅಪ್ಪಳಿಸಿದಳು.

"ಏನ್ ಹಾಕಿದೀಯಾ ಇದಕ್ಕೆ? ಗಟ್ಟಾ, ಸೊಳ್ಳೆ ಪರದೆನಾ? ಇಪ್ಪತ್ತೆಂಟು ಅಂದ್ರೆ ಇಪ್ಪತ್ತೆಂಟು! ಕೈಲಾಗಲ್ಲ ಅಂದ್ರೆ ಮನೇಲಿ ಬಿದ್ಕೋ!"

ಮೇಜು ತಳ್ಳಿದಳು. ಇಕ್ಕಳ, ಕತ್ತರಿ, ದಾರದ ಸುರುಳಿ ಎಲ್ಲ ನೆಲಕ್ಕೆ ಚೆಲ್ಲಿದವು. ಸುತ್ತ ಇದ್ದವರು ಫೋನ್ ಎತ್ತಿ ಹಿಡಿದಿದ್ದರು. ಸಂಜೆಯೊಳಗೆ ಊರೆಲ್ಲ ಅದೇ ಮಾತು: ಅಪ್ಪನ ವಯಸ್ಸಿನವರಿಗೆ ಹೀಗಾ ಮಾತಾಡೋದು, ಸೊಕ್ಕು ನೆತ್ತಿಗೇರಿದೆ ಅವಳಿಗೆ, ತಂಡದಿಂದ ಕಿತ್ತುಹಾಕಿ.

ಮನೆಯಲ್ಲಿ ಹೆಂಡತಿ ಕೆಂಡವಾಗಿದ್ದಳು. "ರೀ, ನಿಮ್ಮ ಮುದ್ದು ಸೊಸೆ ನೋಡಿದ್ರಾ? ತೊಡೆ ಮೇಲೆ ಕೂರಿಸ್ಕೊಂಡಿದ್ದಕ್ಕೆ ತಲೆ ಮೇಲೇ ಹತ್ತಿದ್ಲು!"

ಮಾವನಿಗೆ ಅವಮಾನವಾಗಿತ್ತು, ಸುಳ್ಳಲ್ಲ, ಕಿವಿ ಇನ್ನೂ ಬಿಸಿಯಾಗಿತ್ತು. ಆದರೆ ಜನಕ್ಕೆ ಹೇಗೆ ಹೇಳುವುದು? ಆರು ವರ್ಷದ ಮೇಲೆ ಅವಳು ಅವನ ಮುಖ ನೋಡಿ ಮಾತಾಡಿದ್ದಳು. ಸಿಟ್ಟಿನಲ್ಲಾದರೂ ಮನೆಯವನಿಗೆ ಬಯ್ಯುವ ಹಾಗೆ ಬಯ್ದಿದ್ದಳು. ಅದನ್ನೂ ಮನಸ್ಸು ಬಾಚಿಕೊಂಡು ಇಟ್ಟುಕೊಂಡಿತ್ತು. ಎಂಥ ಹಸಿವು ನೋಡಿ!

ಮರುದಿನ ಬ್ಯಾಡ್ಮಿಂಟನ್ ಸಂಘದ ಕಾರ್ಯದರ್ಶಿ ದೂರು ಬರೆಸಿಕೊಳ್ಳಲು ಬಂದರು. ಮಾವ ಸಹಿ ಹಾಕಿದರೆ ತಂಡದಿಂದ ಅವಳ ಹೆಸರು ಹೋಗುತ್ತಿತ್ತು.

"ಬರೆಯೋದಾದ್ರೆ ಸರಿಯಾಗಿ ಬರೀರಿ ಸಾರ್. ತಪ್ಪು ನಂದೇ, ಇಪ್ಪತ್ತೇಳು ಹಾಕಿದ್ದೆ."

"ತಲೆ ಕೆಟ್ಟಿದೆಯೇನ್ರೀ? ಹೇಳದೆ ಕೇಳದೆ ಯಾಕೆ ಹಾಕಿದ್ರಿ?"

ಭುಜದ ಮಾತು ನಾಲಗೆಯ ತುದಿಯವರೆಗೆ ಬಂತು. ಹೇಳಿದರೆ ನೋವಿನ ನೆಪದಲ್ಲೇ ಅವಳನ್ನು ತಂಡದಿಂದ ಕೈಬಿಡುತ್ತಾರೆ. "ವಯಸ್ಸಾಯ್ತಲ್ಲ ಸಾರ್, ಕಣ್ಣು ಮಂಜು" ಅಂದ. ಕಾರ್ಯದರ್ಶಿ ಹಣೆ ಚಚ್ಚಿಕೊಂಡು ಹೋದರು. ಹೆಂಡತಿಗೆ ಇದು ತಿಳಿದು, ಆವತ್ತು ಅನ್ನದ ಜೊತೆ ಅವನಿಗೆ ಬೈಗುಳವೂ ಹೊಟ್ಟೆ ತುಂಬ ಸಿಕ್ಕಿತು.

ಮೂರನೆಯ ದಿನ ಬೆಳಿಗ್ಗೆ ಅವಳು ಬಂದಳು. ಹಿಂದೆ ಮ್ಯಾನೇಜರ್ ಇದ್ದ. ಅವಳು ಕೌಂಟರಿನ ಆಚೆಯೇ ನಿಂತು ಕೈ ಜೋಡಿಸಿದಳು.

"ಸರ್, ಅವತ್ತು ನಾನು ನಿಮ್ಮ ಹತ್ರ ಹಾಗೆ ನಡ್ಕೋಬಾರದಿತ್ತು. ದಯವಿಟ್ಟು ಕ್ಷಮಿಸಿ. ನಿಮ್ಮಂಥವರಿಲ್ಲದೆ ನಾವ್ಯಾರೂ ಆಡೋಕಾಗಲ್ಲ."

ಒಂದು ಅಕ್ಷರ ತಪ್ಪಿಲ್ಲ, ಮರ್ಯಾದೆಗೂ ಕಡಿಮೆ ಇಲ್ಲ. ಕಂಠಪಾಠ ಒಪ್ಪಿಸಿದ ಹಾಗಿತ್ತು. ಮಾವನಿಗೆ ಅಳು ಬಂತು. "ಒಳಗೆ ಬಾಮ್ಮ, ಕೂತ್ಕೋ" ಅಂದ.

"ಇಲ್ಲ ಸರ್, ಅಭ್ಯಾಸಕ್ಕೆ ಹೊತ್ತಾಯ್ತು."

ಮ್ಯಾನೇಜರ್ ಫೋನ್ ಹಿಡಿದು ಬಾಗಿಲಾಚೆ ಹೋದ. ಮಾವ ಬಗ್ಗಿ ಮೆಲ್ಲಗೆ ಹೇಳಿದ. "ಒಂದು ಪೌಂಡ್ ಕಮ್ಮಿ ಹಾಕಿದ್ದು ಬೇಕಂತ್ಲೇ ಕಣಮ್ಮ. ನಿನ್ ಭುಜ ನೋಯ್ತಿದೆ. ಹಿಡಿಕೆ ನೋಡಿದೆ, ಗೊತ್ತಾಯ್ತು. ಯಾರಿಗೂ ಹೇಳಿಲ್ಲ."

ಅವಳ ಮುಖದ ಬಣ್ಣ ಇಳಿಯಿತು. ತುಟಿ ಅಲುಗಿತು. ಈಗ "ಮಾವ" ಅಂದಾಳು, ಈಗ ಅಂದಾಳು ಎಂದು ಮಾವ ಕಾದ. ಅವಳು ಬಾಗಿಲ ಕಡೆ ಒಮ್ಮೆ ನೋಡಿದಳು.

"ನಾನೀಗ ಚಿಕ್ಕ ಹುಡುಗಿ ಅಲ್ಲ ಸರ್. ನೋವು ನಂದು, ಆಟಾನೂ ನಂದು. ನಾನು ಹೇಳಿದಷ್ಟು ಹಾಕಿ." ಎರಡು ರ್‍ಯಾಕೆಟ್ ಮುಂದಿಟ್ಟಳು. "ಇಪ್ಪತ್ತೆಂಟು."

ಹೋದಳು. ಹೋಗುವಾಗ ಚೀಲವನ್ನು ಬೇಕೆಂದೇ ಬಲಭುಜಕ್ಕೆ ಹಾಕಿಕೊಂಡಳು.

ಮಾವ ಯಂತ್ರದ ಮುಂದೆ ಕೂತ. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ, ಹಾಳಾದ್ದು, ಅದೇ ಸಂಕಟ. ಕೈ ತಾನಾಗಿ ಇಪ್ಪತ್ತೇಳರ ಹತ್ತಿರ ಹೋಗಿ ನಿಂತಿತು. ಕಣ್ಣೊರೆಸಿಕೊಂಡು ತಿರುಪನ್ನು ಇಪ್ಪತ್ತೆಂಟಕ್ಕೆ ಸರಿಸಿದ. ಒಂದೊಂದೇ ಎಳೆ ಎಳೆದು ಬಿಗಿದ. ಇಷ್ಟು ವರ್ಷದಲ್ಲಿ ಅವಳನ್ನು ಬೇರೆ ಎಲ್ಲ ಆಟಗಾರರ ಹಾಗೆ ಅವನು ನೋಡಿದ್ದು ಅದೇ ಮೊದಲು.