ಕೂತರೆ ಗೊತ್ತಾಗುವ ಸೈಲೆನ್ಸರ್

ನನ್ನ ಗಂಡನಿಗೆ ಐವತ್ತಾರು ವರ್ಷ. ಆ ವಯಸ್ಸಿನಲ್ಲಿ ಅವರು ನಮ್ಮ ಪುಟ್ಟ ಸ್ಕೂಟರಿಗೆ ಸದ್ದು ಮಾಡುವ ಸೈಲೆನ್ಸರ್ ಹಾಕಿಸುತ್ತೇನೆಂದು ಹೊರಟಾಗಲೇ ನನಗೆ ಖಾತ್ರಿಯಾಯಿತು, ಈ ಮನುಷ್ಯ ನನ್ನ ಕೈಬಿಡುವ ಯೋಚನೆಯಲ್ಲಿದ್ದಾರೆ ಎಂದು.

ನಗಬೇಡಿ. ಇಲ್ಲದ್ದನ್ನು ಕಟ್ಟಿ ಹೇಳುವವಳು ನಾನಲ್ಲ. ಇಪ್ಪತ್ತೇಳು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಕೂತು ಹೆಂಗಸರ ಬಟ್ಟೆ ಹೊಲಿಯುತ್ತಿದ್ದೇನೆ. ಎದುರಿಗೆ ನಡೆದು ಹೋಗುವವರ ಅಂಗಿಯಲ್ಲಿ ಯಾವ ಹೊಲಿಗೆ ಬಿಡುತ್ತಿದೆ ಎಂದು ಕೂತಲ್ಲಿಂದಲೇ ಹೇಳುತ್ತೇನೆ. ಅಂಥವಳಿಗೆ ಸ್ವಂತ ಗಂಡ ಸಡಿಲವಾದದ್ದು ಗೊತ್ತಾಗುವುದಿಲ್ಲವೇ?

ಅವರದು ಹೊಲಿಗೆ ಮಿಷನ್ ರಿಪೇರಿ. ಸ್ಕೂಟರಿನ ಮುಂದೆ ಹತಾರಗಳ ಪೆಟ್ಟಿಗೆ ಇಟ್ಟುಕೊಂಡು ಊರಿನ ಟೈಲರ್ ಅಂಗಡಿಗಳನ್ನೆಲ್ಲ ಸುತ್ತುತ್ತಾರೆ. ಎಲ್ಲರೂ ಅವರನ್ನು ಡಾಕ್ಟ್ರೇ ಎಂದೇ ಕರೆಯುವುದು. ಯಾಕೆಂದರೆ ಮಿಷನ್ನು ಬಿಚ್ಚುವ ಮೊದಲೇ ಅವರು ರೋಗ ಹೇಳುತ್ತಾರೆ. "ಒಂದ್ಸಲ ತುಳೀರಿ" ಎನ್ನುತ್ತಾರೆ, ತಲೆ ವಾರೆ ಮಾಡಿ ಕಿವಿಗೊಡುತ್ತಾರೆ, ಆಮೇಲೆ ಸ್ಕ್ರೂಡ್ರೈವರ್ ನೇರವಾಗಿ ಕೆಟ್ಟ ಜಾಗಕ್ಕೇ ಹೋಗುತ್ತದೆ. ಮಿಷನ್ನು ಯಾರು ಬೇಕಾದರೂ ಬಿಚ್ಚುತ್ತಾರೆ, ನಾವು ಕರೆಯುವುದು ಆ ಕಿವಿಗೋಸ್ಕರ ಎಂದು ಟೈಲರುಗಳೇ ಹೇಳುತ್ತಾರೆ.

ಅಂಥ ಡಾಕ್ಟರ ಮನೆಯಲ್ಲೇ ನನ್ನ ಮಿಷನ್ನು ಮೂರು ತಿಂಗಳಿಂದ ಟಕ್ ಟಕ್ ಎನ್ನುತ್ತಿತ್ತು. ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡೇ, "ರೀ, ಇದಕ್ಕೇನಾಗಿದೆ ಸ್ವಲ್ಪ ನೋಡ್ತೀರಾ?" ಎಂದು ದಿನಕ್ಕೊಂದು ಸಲ ಕೇಳುತ್ತಿದ್ದೆ. ಸೂಜಿ ಬಾಯಲ್ಲಿಟ್ಟುಕೊಂಡು ಮಾತಾಡುವುದು ನನ್ನ ಹಳೇ ಚಾಳಿ. ಬಂದ ಗಿರಾಕಿಗಳಿಗೆ ಒಂದಕ್ಷರ ತಿಳಿಯುವುದಿಲ್ಲ, ಇವರಿಗೆ ಮಾತ್ರ ಮೊದಲಿನಿಂದಲೂ ಪೂರ್ತಿ ತಿಳಿಯುತ್ತಿತ್ತು. ಈಗ ನೋಡಿದರೆ ಗೋರ್ಕಲ್ಲ ಮೇಲೆ ಮಳೆ ಸುರಿದ ಹಾಗೆ. ಟಕ್ ಟಕ್ ಎನ್ನುವ ಮಿಷನ್ನಿನ ಪಕ್ಕದಲ್ಲೇ ನಡೆದು ಹೋಗಿ ಚಪ್ಪಲಿ ಹಾಕಿಕೊಂಡು ಊರವರ ಮಿಷನ್ನು ನೋಡಲು ಹೊರಡುತ್ತಿದ್ದರು. ಮನೆಗೆ ಮಾರಿ, ಊರಿಗೆ ಉಪಕಾರಿ. ತಟ್ಟೆಗೆ ಬಡಿಸಿ ಎದುರಿಗೆ ಕೂತಾಗ ಮಾತ್ರ ಚೆನ್ನಾಗಿ ಮಾತಾಡುತ್ತಿದ್ದರು. ಅನ್ನ ಕಂಡರೆ ಬಾಯಿ ಬರುತ್ತದೆ ಎಂದುಕೊಂಡೆ.

ಇನ್ನೊಂದು, ಫೋನು. ಮೊದಲು ಬೀದಿಗೆಲ್ಲ ಕೇಳುವಂತೆ ಕೂಗುತ್ತಿದ್ದ ಫೋನನ್ನು ಸದ್ದು ನಿಲ್ಲಿಸಿ, ಬರೀ ನಡುಗುವ ಹಾಗೆ ಮಾಡಿ, ಅಂಗಿಯ ಜೇಬಿನಲ್ಲಿ ಎದೆಗೆ ಒತ್ತಿಕೊಂಡು ತಿರುಗುತ್ತಿದ್ದರು. ಅದು ನಡುಗಿದರೆ ತೆಗೆದು ನೋಡುವುದು, ಬೆರಳಲ್ಲಿ ಏನೋ ಒತ್ತಿ ಕಳಿಸುವುದು. ಮಾತಂತೂ ಇಲ್ಲ. ತಂಗಿಗೆ ಹೇಳಿದೆ. "ಅಕ್ಕಾ, ಫೋನ್ ಸದ್ದು ನಿಲ್ಸಿದೋರು ಯಾರೂ ಒಳ್ಳೇದಕ್ಕೆ ನಿಲ್ಸಿರಲ್ಲ" ಎಂದಳು. ಅವಳ ಮಾತಿಗೆ ನಾನು ಬೆಲೆ ಕೊಡುವವಳಲ್ಲ, ಆದರೂ ಅದು ಮುಳ್ಳಿನ ಹಾಗೆ ಒಳಗೇ ಉಳಿಯಿತು.

ಸ್ಕೂಟರ್ ಓಡಿಸುವಾಗಲೂ ಅವರ ಮನಸ್ಸು ಗಾಡಿಯ ಮೇಲಿರಲಿಲ್ಲ. ಇಂಜಿನ್ನು ಓಡುತ್ತಿರುವಾಗಲೇ ಮತ್ತೆ ಸೆಲ್ಫ್ ಸ್ಟಾರ್ಟ್ ಗುಂಡಿ ಒತ್ತುತ್ತಿದ್ದರು, ಒಳಗೆ ಕರ್ ಎಂದು ಹಲ್ಲು ಮಸೆದ ಸದ್ದು. ಒಮ್ಮೆ ಸಿಗ್ನಲ್ಲಿನಲ್ಲಿ ಗಾಡಿ ಆಫ್ ಆಗಿದ್ದರೂ ಸುಮ್ಮನೆ ಆಕ್ಸಿಲರೇಟರ್ ತಿರುವುತ್ತಾ ಕೂತಿದ್ದರು. ಹಿಂದೆ ಕೂತ ನಾನು ಬೆನ್ನಿಗೆ ಗುದ್ದಿ ಎಚ್ಚರಿಸಬೇಕಾಯಿತು. ಐವತ್ತಾರನೇ ವಯಸ್ಸಿನಲ್ಲಿ ಯಾರ ಗುಂಗಿನಲ್ಲಿದ್ದರೋ.

ಯಾರ ಗುಂಗು ಎನ್ನುವುದೂ ಬೇಗ ಗೊತ್ತಾಯಿತು. ಬಟನ್ ಅಂಗಡಿಯವಳು. ಗುಂಡಿ, ಝಿಪ್ಪು, ನೂಲು ಮಾರುವವಳು, ಒಂಟಿ ಹೆಂಗಸು, ಗಂಟೆ ಬಾರಿಸಿದಂಥ ಗಂಟಲು. "ಏನ್ ಡಾಕ್ಟ್ರೇ, ಇವತ್ತು ಲೇಟು" ಎಂದು ಅವಳು ಮಾತಾಡಿಸಿದರೆ ಮೂರು ಅಂಗಡಿ ಆಚೆ ನಿಂತ ನನಗೂ ಕೇಳುತ್ತದೆ. ಅವಳೆದುರು ನಿಂತರೆ ಇವರಿಗೆ ಅರ್ಧ ಗಂಟೆ ಹೋದದ್ದು ತಿಳಿಯದು. ಅವಳು ಹೇಳಿದ್ದಕ್ಕೆಲ್ಲ ಥಟ್ಟನೆ ಉತ್ತರ, ನಗು. ಮನೆಯಲ್ಲಿ ಮೂಕಬಸವ, ಅಲ್ಲಿ ಅರಳು ಹುರಿದ ಹಾಗೆ ಮಾತು. ಅದನ್ನು ಕಂಡ ದಿನ ನಾನು ನೂಲು ಕೊಳ್ಳದೆ ವಾಪಸ್ಸು ಬಂದೆ. ಆ ಹೊತ್ತು ನನಗಾದ ಹೊಟ್ಟೆಯುರಿಯನ್ನು ಹೇಳಿಕೊಳ್ಳಲು ನಾಚಿಕೆ, ಆದರೆ ಆದದ್ದು ನಿಜ.

ಇಷ್ಟರ ಮೇಲೆ ಸೈಲೆನ್ಸರ್. ಹಳೆಯದು ತುಕ್ಕು ಹಿಡಿದು ತೂತಾಗಿ ತಿಂಗಳಿಂದ ಭರ್ರೆನ್ನುತ್ತಿತ್ತು. ಬೀದಿಯವರಿಗೆಲ್ಲ ತಲೆನೋವು, ಇವರಿಗೆ ಮಾತ್ರ ಖುಷಿ. ಕೊನೆಗೆ ಗ್ಯಾರೇಜಿನವನು, ಹೊಗೆ ಕಾಲಿಗೇ ಹೊಡೀತಿದೆ, ಬದಲಾಯಿಸಲೇಬೇಕು ಎಂದನಂತೆ. ಸರಿ, ಮೊದಲು ಇದ್ದಂಥದ್ದೇ ಕಂಪನಿಯದು ಹಾಕಿಸಿದರೆ ಮುಗಿಯಿತಲ್ಲ. ಇಲ್ಲ, ಇವರಿಗೆ ಹೊರಗಿನದೇ ಬೇಕು.

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅಂತ. ಯಾಕ್ರೀ ಬೇಕು ಅದೆಲ್ಲ?" ಎಂದೆ, ಊಟಕ್ಕೆ ಬಡಿಸುತ್ತಾ.

"ಕಂಪನಿಯದು ಸತ್ತ ಹಾಗಿರತ್ತೆ. ಗಾಡಿ ಶುರುವಾಗಿದೆ ಅಂತ ಗೊತ್ತಾಗ್ಬೇಕು."

"ಯಾರಿಗೆ ಗೊತ್ತಾಗ್ಬೇಕು?"

ಅಷ್ಟರಲ್ಲಿ ನಾನು ಪಾತ್ರೆ ಇಡಲು ಬೆನ್ನು ತಿರುಗಿಸಿದ್ದೆ. ಉತ್ತರ ಬರಲಿಲ್ಲ. ಫೋನಿಗೆ ಸದ್ದು ಬೇಡ, ಸ್ಕೂಟರಿಗೆ ಸದ್ದು ಬೇಕು. ಬಟನ್ ಅಂಗಡಿಯ ತಿರುವಿನಲ್ಲೇ ಅವಳಿಗೆ ಗೊತ್ತಾಗಬೇಕಲ್ಲ, ಡಾಕ್ಟರು ಬರುತ್ತಿದ್ದಾರೆ ಎಂದು.

ಮರುದಿನ ಬೆಳಿಗ್ಗೆ ಅವರು ಹೊರಟಾಗ ನಾನೂ ಹಿಂದೆ ಹತ್ತಿ ಕೂತೆ. "ನೂಲು ತರ್ಬೇಕು" ಎಂದೆ. ಅವರು ಬೇಡವೆನ್ನಲಿಲ್ಲ. ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ.

ಗ್ಯಾರೇಜು ಎಂದರೆ ಎರಡು ಗೋಡೆ, ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ. ಗ್ಯಾರೇಜಿನವನು ಮೂವತ್ತರ ಆಸುಪಾಸಿನವನು, ಕಿವಿಯ ಮೇಲೆ ಪೆನ್ಸಿಲ್ಲು. ನನ್ನನ್ನು ನೋಡಿ ಒಂದು ಕ್ಷಣ ತಬ್ಬಿಬ್ಬಾದ. ಆಹಾ, ಇವನಿಗೂ ಗೊತ್ತು ಎಂದುಕೊಂಡೆ. ನಾನು ಅಲ್ಲೇ ಒಂದು ಸ್ಟೂಲೆಳೆದುಕೊಂಡು ಇಬ್ಬರೂ ಕಾಣುವ ಹಾಗೆ ಕೂತೆ.

ಅವನು ಮೂರು ಸೈಲೆನ್ಸರ್ ತಂದು ಗೋಣಿಯ ಮೇಲೆ ಸಾಲಾಗಿಟ್ಟ. ಒಂದು ಕಂಪನಿಯದೇ ಮಾದರಿ, ಕಪ್ಪು ಬಣ್ಣ. ಇನ್ನೊಂದು ಗಿಡ್ಡ, ಫಳಫಳ ಹೊಳೆಯುವ ಉಕ್ಕಿನದು. ಮೂರನೆಯದು ಉದ್ದ, ದಪ್ಪ ಹೊಟ್ಟೆಯದು, ತುದಿಯಲ್ಲಿ ಬಿಚ್ಚಿ ತೆಗೆಯಬಹುದಾದ ಜಾಲರಿ ಕೊಳವೆ. ಅದಿದ್ದರೆ ಸದ್ದು ಅಡಗಿರುತ್ತದೆ, ತೆಗೆದರೆ ಬಾಯಿ ಬಿಡುತ್ತದೆ. ತುಕ್ಕು ಹಿಡಿದ ನಟ್ಟುಗಳಿಗೆ ಎಣ್ಣೆ ಬಿಟ್ಟು, ಕಾದು, ಹಳೆಯದನ್ನು ಕಳಚಿದ. ಮೊದಲಿನದನ್ನು ಎರಡೇ ನಟ್ಟಿನಲ್ಲಿ ನಿಲ್ಲಿಸಿ ಇಂಜಿನ್ ಶುರು ಮಾಡಿದ.

ನನ್ನ ಗಂಡ ಆಗ ಮಾಡಿದ್ದು ವಿಚಿತ್ರವಾಗಿತ್ತು. ಮಿಷನ್ನಿನ ಮುಂದೆ ಮಾಡುವಂತೆ ತಲೆ ವಾರೆ ಮಾಡಲಿಲ್ಲ. ಸೀಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು. ತಲೆಯಾಡಿಸಿ, ಬೇಡ ಎಂದರು. ಗಿಡ್ಡದ್ದು ಕಿರುಚುವಂಥ ಸದ್ದು ಮಾಡಿತು, ನಾನು ಕಿವಿ ಮುಚ್ಚಿಕೊಂಡೆ. ಅವರು ಮತ್ತೆ ಅಂಗೈ ಊರಿ, "ಇದು ಬರೀ ಮೇಲೆ ಮೇಲೆ. ಕೂತ್ರೆ ಗೊತ್ತಾಗಲ್ಲ" ಎಂದರು. ಅಷ್ಟು ಕಿರುಚುವುದು ಗೊತ್ತಾಗುವುದಿಲ್ಲವಂತೆ. ಇದೆಂಥ ನಾಟಕ ಎಂದು ನನಗೆ ಮೈ ಉರಿಯಿತು.

ಇಂಜಿನ್ ಆಫ್ ಮಾಡಿ ಮೂರನೆಯದನ್ನು ಕೂರಿಸುತ್ತಾ ಗ್ಯಾರೇಜಿನವನು ಅವರ ಹಿಂದಿನಿಂದ, "ಸಾರ್, ಜಾಲರಿ ಇಡ್ಲಾ, ತೆಗೀಲಾ?" ಎಂದ. ಇವರು ಉತ್ತರಿಸಲಿಲ್ಲ. ಅವನು ಬೇಸರಪಡದೆ ಎದ್ದು, ಸುತ್ತಿಕೊಂಡು ಇವರ ಮುಖದೆದುರು ಬಂದು ಅದನ್ನೇ ಮತ್ತೊಮ್ಮೆ ಕೇಳಿದ. "ತೆಗಿ" ಎಂದರು ಇವರು. ಗಿರಾಕಿಗೆ ಇಷ್ಟು ಮರ್ಯಾದೆ ಮಾಡುವ ಮೆಕ್ಯಾನಿಕ್ಕನ್ನು ನಾನಂತೂ ನೋಡಿಲ್ಲ. ಇಬ್ಬರೂ ಸೇರಿ ಏನೋ ಮುಚ್ಚಿಡುತ್ತಿದ್ದಾರೆ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳಬೇಕಲ್ಲ, ನೋಡಿಯೇ ಬಿಡೋಣ ಎಂದು ಸ್ಟೂಲಿನಿಂದ ಎದ್ದೆ. ಅವರ ಬೆನ್ನ ಹಿಂದೆ, ಎರಡಡಿ ದೂರದಲ್ಲಿ ನಿಂತೆ.

"ಬಟನ್ ಅಂಗಡಿಯವಳು ಬಂದಿದಾಳೆ ನೋಡಿ. ನಿಮ್ಮನ್ನೇ ಕೇಳ್ತಿದಾಳೆ" ಎಂದೆ.

ಗ್ಯಾರೇಜಿನವನು ಸ್ಪ್ಯಾನರ್ ಹಿಡಿದೇ ಬೀದಿಯ ಕಡೆ ತಿರುಗಿ ನೋಡಿದ. ನನ್ನ ಗಂಡನ ಹೆಗಲು ಕದಲಲಿಲ್ಲ. ಕತ್ತು ತಿರುಗಲಿಲ್ಲ. ಕದಲಬಾರದೆಂದು ಬಿಗಿ ಹಿಡಿದ ಬೆನ್ನಲ್ಲ ಅದು. ಅಳತೆ ತೆಗೆದು ತೆಗೆದು ಎಷ್ಟೋ ಬೆನ್ನು ನೋಡಿದ್ದೇನೆ, ಬಿಗಿ ಹಿಡಿದದ್ದು ನನಗೆ ಗೊತ್ತಾಗುತ್ತದೆ. ಆರಾಮಾಗಿ ಬಗ್ಗಿ ಸೀಟಿನ ಧೂಳು ಒರೆಸುತ್ತಿದ್ದರು. ಮತ್ತೆ ಹೇಳಿದೆ, ಇನ್ನೂ ಸ್ವಲ್ಪ ಜೋರಾಗಿ. ಒರೆಸುತ್ತಲೇ ಇದ್ದರು.

ಗ್ಯಾರೇಜಿನವನು ನನ್ನನ್ನು ನೋಡಿದ, ಆಮೇಲೆ ನೆಲ ನೋಡಿದ.

"ಅಕ್ಕಾ, ನಿಮ್ಗೆ ಗೊತ್ತಿರತ್ತೆ ಅಂದ್ಕೊಂಡಿದ್ದೆ" ಎಂದ. ಧ್ವನಿ ತಗ್ಗಿಸುವ ಅಗತ್ಯವೂ ಅವನಿಗೆ ಇರಲಿಲ್ಲ. "ಓಡೋ ಇಂಜಿನ್ನಿಗೇ ಸೆಲ್ಫ್ ಒತ್ತಿ ಒತ್ತಿ ಎರಡು ಸಲ ಸ್ಟಾರ್ಟರ್ ಗೇರಿನ ಹಲ್ಲು ಮುರ್ಕೊಂಡು ಬಂದ್ರು. ಆಗ ಕೇಳ್ದೆ, ಹೇಳಿದ್ರು. ಎದುರಿಗೆ ನಿಂತು ಮಾತಾಡಿದ್ರೆ ತುಟಿ ನೋಡಿ ತಿಳ್ಕೋತಾರೆ. ತುಂಬಾ ಜೋರಿದ್ರೆ ಸ್ವಲ್ಪ ಕೇಳತ್ತೆ. ಯಾರಿಗೂ ಹೇಳ್ಬೇಡ, ಟೈಲರ್‌ಗಳಿಗೆ ಗೊತ್ತಾದ್ರೆ ಒಬ್ರೂ ಕರೆಯಲ್ಲ ಅಂದ್ರು."

ನನಗೆ ಮೊದಲು ಬಂದದ್ದು ಅಳುವಲ್ಲ, ಕೋಪ. ಗ್ಯಾರೇಜಿನವನಿಗೆ ಹೇಳಿದ್ದಾರೆ, ನನಗೆ ಹೇಳಿಲ್ಲ. ಆಮೇಲೆ ಯಾಕೆ ಹೇಳಲಿಲ್ಲ ಎನ್ನುವುದೂ ಹೊಳೆಯಿತು. ನಾನೂ ಟೈಲರೇ. ನನ್ನ ಬಾಯಿಗೆ ಬಿದ್ದದ್ದು ತಂಗಿಯ ಕಿವಿಗೆ, ಅಲ್ಲಿಂದ ಊರಿಗೆ. ಅದಕ್ಕೆ ಸಾಕ್ಷಿ ಬೇರೆ ಬೇಕಿಲ್ಲ, ಮೂರು ತಿಂಗಳಿಂದ ಇವರ ಬಗ್ಗೆ ನಾನು ಅವಳ ಹತ್ತಿರ ಆಡಿದ ಮಾತೇ ಸಾಕು. ಬಟನ್ ಅಂಗಡಿಯವಳ ಗಂಟೆಯಂಥ ಗಂಟಲು ನೆನಪಾಯಿತು. ಎದೆಗೆ ಒತ್ತಿಕೊಂಡ ಫೋನು ನೆನಪಾಯಿತು. ನಾಚಿಕೆಯಾಗಿ ಮುಖವೆಲ್ಲ ಬಿಸಿಯಾಯಿತು.

ಇಂಜಿನ್ ಮತ್ತೆ ಶುರುವಾಯಿತು. ಮೂರನೆಯದರ ಸದ್ದು ಕೆಳಗಿನದು, ನೆಲದಿಂದ ಎದ್ದು ಬಂದಂಥದ್ದು. ಅವರು ಸೀಟಿನ ಮೇಲೆ ಅಂಗೈ ಊರಿ ಕಣ್ಣು ಮುಚ್ಚಿದರು. ನಾನು ಹೋಗಿ ಅವರ ಕೈ ಪಕ್ಕದಲ್ಲಿ ನನ್ನ ಕೈ ಊರಿದೆ. ಗುಂ ಎನ್ನುವುದು ಸೀಟಿನೊಳಗಿಂದ ಹತ್ತಿ ಮೊಳಕೈವರೆಗೆ ಬಂತು. ಅವರು ಕಣ್ಣು ತೆರೆದು ನನ್ನ ಕೈ ನೋಡಿದರು. ತುಂಬ ಹೊತ್ತು ಅದನ್ನೇ ನೋಡಿ ಆಮೇಲೆ ನನ್ನ ಮುಖ ನೋಡಿದರು. ಕದ್ದು ಸಿಕ್ಕಿಬಿದ್ದವರ ಮುಖ. ಆದರೆ ನಾನು ಹುಡುಕುತ್ತಿದ್ದ ಕಳ್ಳತನ ಅದಾಗಿರಲಿಲ್ಲ.

"ಇದೇ ಇರ್ಲಿ" ಎಂದೆ, ತುಟಿ ಚೆನ್ನಾಗಿ ಬಿಡಿಸಿ. "ಆದ್ರೆ ಜಾಲರಿ ಹಾಕಿಸ್ಕೊಳ್ಳಿ. ಪೊಲೀಸರ ಕೈಗೆ ಸಿಕ್ಕಿಬೀಳ್ಬೇಡಿ."

"ಹಾಕಿದ್ರೆ ಗೊತ್ತಾಗತ್ತಾ?" ಎಂದರು ಗ್ಯಾರೇಜಿನವನತ್ತ ತಿರುಗಿ.

ಹಾಕಿ ನೋಡಿದರು. ಸದ್ದು ಅರ್ಧಕ್ಕೆ ಇಳಿಯಿತು, ನಡುಕ ಹಾಗೇ ಉಳಿಯಿತು. ಅವರು ಸೀಟಿನ ಮೇಲೆ ಕೂತು, ಕಾಲು ಊರಿ, ಹೂಂ ಎಂದು ತಲೆಯಾಡಿಸಿದರು. ಗ್ಯಾರೇಜಿನವನು ಹೊಸ ಗ್ಯಾಸ್ಕೆಟ್ ಇಟ್ಟು ನಟ್ಟು ಬಿಗಿದ. ಜೋಡಣೆಗೆ ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ನೋಡಿದ, ಏಳಲಿಲ್ಲ. ಸ್ಟ್ಯಾಂಡು ಸೈಲೆನ್ಸರಿನ ಹೊಟ್ಟೆಗೆ ತಾಗುತ್ತಿದ್ದದ್ದನ್ನು ಕಂಡುಹಿಡಿದವರು ನನ್ನ ಗಂಡನೇ. ಒಂದು ವಾಷರ್ ಕೊಟ್ಟು ಅದನ್ನು ಸರಿಮಾಡಿಸಿದರು. ವಾಪಸ್ಸು ಬರುವ ದಾರಿಯುದ್ದಕ್ಕೂ ನಾನು ಅವರ ಬೆನ್ನಿಗೆ ಮಾತಾಡಲಿಲ್ಲ. ಎಡಕ್ಕೆ ತಿರುಗಬೇಕಾದಲ್ಲಿ ಎಡ ಹೆಗಲು ತಟ್ಟಿದೆ, ಅವರು ತಿರುಗಿದರು. ಬಟನ್ ಅಂಗಡಿಯ ಮುಂದೆ ಎರಡೂ ಹೆಗಲು ತಟ್ಟಿದೆ. ಇಳಿದು ನೂಲು ತೆಗೆದುಕೊಂಡೆ. ಅವಳು ಎಂದಿನಂತೆ ಕಿರುಚಿ ಮಾತಾಡಿದಳು, ಮೊದಲ ಸಲ ಅವಳ ಗಂಟಲು ಚೆನ್ನಾಗಿದೆ ಅನ್ನಿಸಿತು. ತಂಗಿ ಫೋನ್ ಮಾಡಿದಳು. ನಾನು ಎತ್ತಲಿಲ್ಲ.

ಮನೆಗೆ ಬಂದು ಮಿಷನ್ನಿನ ಮುಂದೆ ಕೂತೆ. ಅಭ್ಯಾಸ ನೋಡಿ, ಆಗಲೇ ನಾಲ್ಕು ಗುಂಡುಸೂಜಿ ಬಾಯಿಗೆ ಹೋಗಿದ್ದವು. ತುಳಿದರೆ ಟಕ್ ಟಕ್. ಅವರು ಎದುರಿನ ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು. ಈಗ ಇವಳು ಏನು ಹೇಳುತ್ತಾಳೋ, ಯಾರಿಗೆ ಹೇಳುತ್ತಾಳೋ ಎಂಬ ಹೆದರಿಕೆ ಆ ಕಣ್ಣಲ್ಲಿತ್ತು. ಅವರು ನೋಡುತ್ತಿದ್ದದ್ದು ನನ್ನ ಕಣ್ಣನ್ನಲ್ಲ, ಸೂಜಿ ಕಚ್ಚಿ ಬಿಗಿದ ತುಟಿಯನ್ನು.

ನಾನು ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದು ಬಟ್ಟೆಯ ಉಂಡೆಗೆ ಚುಚ್ಚಿದೆ.

"ರೀ, ಇದಕ್ಕೇನಾಗಿದೆ ಸ್ವಲ್ಪ ನೋಡ್ತೀರಾ?" ಎಂದೆ.

ಅವರು ತಕ್ಷಣ ಎದ್ದು ಬಂದರು. ತಲೆ ವಾರೆ ಮಾಡಲು ಹೋಗಿ ಅರ್ಧಕ್ಕೇ ನಿಂತರು. ನಾನು ಅವರ ಕೈ ಹಿಡಿದು ಮಿಷನ್ನಿನ ಮೈಮೇಲೆ ಅಂಗೈ ಊರಿಸಿ ತುಳಿದೆ. ಅಂಗೈ ಸ್ವಲ್ಪ ಎಡಕ್ಕೆ ಸರಿಯಿತು, ಇನ್ನೂ ಸ್ವಲ್ಪ ಕೆಳಗೆ ಸರಿದು ನಿಂತಿತು.

"ಶಟಲ್ ಸವೆದು ಹೋಗಿದೆ" ಎಂದರು. "ತಿಂಗಳುಗಟ್ಲೆ ಹೀಗೇ ಹೊಡ್ಕೊಂಡಿದೆ. ಇಷ್ಟು ದಿನ ಯಾಕೆ ಹೇಳ್ಲಿಲ್ಲ ನೀನು?"